ಒಂದೇ ಎಮ್ಮೆ, ಇಬ್ಬರ ಓದು

ನಾನು ಪದವಿ ಓದಿದ್ದು ಪಕ್ಕದ ಮನೆಯ ಎಮ್ಮೆಯನ್ನು ತೋರಿಸಿ. ಹಾರನಹಳ್ಳಿ ಹೋಬಳಿಯ ನಮ್ಮೂರಿನ ಮಹಿಳಾ ಸಂಘಕ್ಕೆ ಹಣ ಕೊಡುತ್ತಿದ್ದ ಸಂಸ್ಥೆಯ ನಿಯಮ ಸ್ಪಷ್ಟವಾಗಿತ್ತು: ಆದಾಯ ತರುವುದಕ್ಕೆ ಮಾತ್ರ ಸಾಲ. ಎಮ್ಮೆ ಆದಾಯ ತರುತ್ತದೆ, ಹೊಲಿಗೆ ಯಂತ್ರ ತರುತ್ತದೆ. ಪಿಯುಸಿ ಮುಗಿಸಿದ ಹುಡುಗಿ ತರುವುದಿಲ್ಲ. ಸ್ಕಾಲರ್‌ಶಿಪ್ ಬರುವುದು ವರ್ಷ ಮುಗಿಯುವಾಗ, ಹುಣಸೂರಿನ ಕಾಲೇಜು ಶುಲ್ಕ ಕೇಳುವುದು ಸೇರುವಾಗ. ಅವ್ವ ಎಮ್ಮೆ ಕೊಳ್ಳಲೆಂದು ಸಾಲ ತೆಗೆದು ನನ್ನ ಶುಲ್ಕ ಕಟ್ಟಿದಳು.

ಕೊಂಡ ಎಮ್ಮೆಯ ಜೊತೆ ಫೋಟೊ ಕೊಡಬೇಕಿತ್ತು. ಪಕ್ಕದ ಮನೆಯವಳನ್ನು ನಾನು ಚಿಕ್ಕವ್ವ ಎನ್ನುತ್ತಿದ್ದೆ. ಅವಳು ತನ್ನ ಎಮ್ಮೆಯನ್ನು ತೊಳೆದು, ಕೊಂಬಿಗೆ ಎಣ್ಣೆ ಸವರಿ, ನಮ್ಮ ಕೊಟ್ಟಿಗೆಯಲ್ಲಿ ತಂದು ಕಟ್ಟಿದಳು. ಅದರ ಹಣೆಯ ಮೇಲೊಂದು ಬಿಳಿ ಮಚ್ಚೆ.

"ಅಂಗ್ ಎದರ್ಕೊಂಡು ನಿಂತ್ರೆ ಯಾರ್ ನಂಬ್ತಾರೆ ಕಣಕ್ಕ? ಕೊರಳ್ ಮ್ಯಾಲೆ ಕೈ ಆಕು" ಎಂದಳು ಚಿಕ್ಕವ್ವ.

"ಹಾಯ್ದುಬುಟ್ರೆ?" ಎಂದಳು ಅವ್ವ.

"ಆಯ್ಲಿ ಬುಡು. ಮಗ್ಳು ಡಿಗ್ರಿ ಮಾಡದು ಸುಮ್ಕೆ ಆಯ್ತದಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುವರ್ಷ ಚಿಕ್ಕವ್ವನ ಮಗಳ ಸರದಿ. ಗಣಿತದಲ್ಲಿ ನನಗಿಂತ ಚುರುಕಾಗಿದ್ದವಳು. ಚಿಕ್ಕವ್ವನೂ ಎಮ್ಮೆ ಸಾಲ ಕೇಳಿ, ಅದೇ ಎಮ್ಮೆಯನ್ನು ಕೊಳ್ಳಲಿರುವ ಎಮ್ಮೆಯೆಂದು ತನ್ನ ಬಾಗಿಲಲ್ಲಿ ನಿಲ್ಲಿಸಿದಳು. ಈ ಸಲ ಸಂಸ್ಥೆಯವನು ಹಣ ಕೊಡುವ ಮೊದಲೇ ಬಂದು ಮೊಬೈಲಿನಲ್ಲಿದ್ದ ಹಳೆಯ ಫೋಟೊ ತೆರೆದು ನೋಡಿದ.

"ಏನಮ್ಮಾ, ಹೋದ ವರ್ಷ ಇದು ಪಕ್ಕದ ಮನೆಯವರದಲ್ವಾ?"

"ಎಮ್ಮೆಗೊಳೆಲ್ಲ ಒಂದೇ ತರ ಕಣ್ ಸಾರ್."

"ಹಣೆ ಮೇಲಿನ ಮಚ್ಚೆನೂ ಒಂದೇ ತರಾನಾ?"

ನಿಜ ಹೇಳಿದ್ದರೆ ನಮ್ಮ ಸಾಲವನ್ನು ಅಂದೇ ಹಿಂತಿರುಗಿಸಬೇಕಿತ್ತು. ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕವ್ವ ಅವ್ವ ನಿಂತಿದ್ದ ನಮ್ಮ ಜಗುಲಿಯ ಕಡೆ ನೋಡಿದಳು. ಅವ್ವ ಅಂಗಳಕ್ಕಿಳಿದು ಹತ್ತಿರ ಬಂದಳು.

"ಊಂ ಸಾರ್, ಅವರ್ದೇಯ. ನಾನೇ ಸುಳ್ಳೇಳ್ದೆ" ಎಂದು ಚಿಕ್ಕವ್ವ ತನ್ನ ಎಮ್ಮೆಯ ಹಗ್ಗವನ್ನು ಅವ್ವನ ಕೈಗಿತ್ತಳು.

ಸುಳ್ಳುಗಾತಿಗೆ ಸಾಲ ಸಿಗಲಿಲ್ಲ. ಅವಳ ಮಗಳು ಇಂದಿಗೂ ಬೆಳಗಾದರೆ ಶುಂಠಿ ಹೊಲಕ್ಕೆ ಹೋಗುವ ಆಳುಗಳ ಗಾಡಿ ಹತ್ತುತ್ತಾಳೆ.

ಬಡವರು ಸುಳ್ಳು ಹೇಳಿ ಸಾಲ ಪಡೆಯುತ್ತಾರೆಂದು ಸಭೆಗಳಲ್ಲಿ ನಿಟ್ಟುಸಿರಿಡುವವರನ್ನು ನಾನು ಕೇಳುತ್ತೇನೆ: ಆ ಸುಳ್ಳನ್ನು ಅನಿವಾರ್ಯವಾಗಿಸಿದ ನಿಯಮವನ್ನು ಬರೆದವರು ಯಾರು? ಸ್ಕಾಲರ್‌ಶಿಪ್ಪನ್ನು ತಡಮಾಡಿದವರು ಯಾರು? ಎಮ್ಮೆಯನ್ನು ನಂಬಿ ಕೊಟ್ಟ ಹಣವನ್ನು ಒಬ್ಬ ಹುಡುಗಿಯ ಗಣಿತವನ್ನು ನಂಬಿ ಏಕೆ ಕೊಡಲಿಲ್ಲ? ಉತ್ತರವನ್ನು ನನಗೆ ಕೊಡುವುದು ಬೇಡ. ಬೆಳಗಿನ ಆ ಗಾಡಿ ಹೊರಡುವ ಮುನ್ನ ಬಂದು ಅವಳಿಗೆ ಹೇಳಿ.