ಚರ್ಚಿನ ದಿನಸಿಗೆ ನಮ್ಮವರ ದಾನ

ಮಿತ್ರರೇ, ಮೂರು ತಲೆಮಾರುಗಳಿಂದ ಹಸಿದವರಿಗೆ ದಿನಸಿ ಹಂಚುತ್ತಿರುವ, ಅಮೆರಿಕದ ನಮ್ಮೂರ ಎಪಿಸ್ಕೋಪಲ್ ಚರ್ಚು ನನ್ನ ಕನ್ನಡ ತರಗತಿಗೆ ಬಾಡಿಗೆಯಿಲ್ಲದೆ ಸಭಾಂಗಣ ಕೊಟ್ಟಿದೆ. ಅದರ ಕೃತಜ್ಞತೆಗೆಂದು ಮಕ್ಕಳ ಪೋಷಕರು ಇಂದು ಅಲ್ಲಿಗೆ ದಿನಸಿ ತಂದರು. ಪಕ್ಕದ ಊರು ಪ್ಲೇನ್‌ಫೀಲ್ಡಿನ ಸುರೇಶ್ ತಂದ ಮಾವಿನ ರಸದ ಡಬ್ಬಗಳನ್ನು ಚರ್ಚಿನ ವೃದ್ಧೆ ಡೊರೊಥಿ ಒಂದೊಂದಾಗಿ ತಿರುಗಿಸಿ ನೋಡಿ ಬದಿಗಿಟ್ಟರು. ಎಲ್ಲದರ ಅವಧಿಯೂ ಮುಗಿದು ಎರಡು ವರ್ಷವಾಗಿತ್ತು. ನಾಚಿಕೆಯಾದದ್ದು ನನಗೊಬ್ಬಳಿಗೇ.

“ಫ್ರೀಯಾಗಿ ತಗೊಳ್ಳೋರು ಡೇಟ್ ಎಲ್ಲಿ ನೋಡ್ತಾರೆ, ಆಂಟಿ?” ಎಂದರು ಸುರೇಶ್.

“ನಾಳೆ ನಿಮ್ಮ ಗೃಹಪ್ರವೇಶಕ್ಕೆ ಬರುವವರೂ ಫ್ರೀಯಾಗಿಯೇ ಉಣ್ಣುವವರಲ್ಲವೇ?” ಎಂದು ಡಬ್ಬಗಳನ್ನು ಅವರ ಕಾರಿನಲ್ಲೇ ಇರಿಸಿ ಬಂದೆ.

ಈಗಷ್ಟೇ ಅವರ ಪತ್ನಿ ಫೋನ್ ಮಾಡಿದ್ದರು: “ನಾಳೆ ಮಾವಿನ ಸೀಕರಣೆ ಮಾಡ್ತಿದೀವಿ, ಬರ್ಲೇಬೇಕು ಆಂಟಿ.”

ಖಂಡಿತ ಹೋಗುತ್ತೇನೆ, ಮನೆಯಲ್ಲೇ ಊಟ ಮುಗಿಸಿಕೊಂಡು.