ಆಯಿ ಉಣ್ಣದ ಹೊಸಕ್ಕಿ

ಹೊಸಕ್ಕಿ ಕುದಿಯುವಾಗ ಏಳುವ ಆ ಹಸಿ ಸಿಹಿ ಕಂಪು ನಿಮಗೂ ಗೊತ್ತಿರಬೇಕು. ಶಿರಸಿಯ ನನ್ನ ಬಾಡಿಗೆ ಮನೆಯ ಕುಕ್ಕರಿನಿಂದ ಅದು ಹೊರಟರೆ ಸಾಕು, ನಾನು ಕಿರವತ್ತಿ ಪಕ್ಕದ ನಮ್ಮ ಮಣ್ಣಿನ ಮನೆಯ ಒಲೆಯ ಮುಂದೆ ಕೂತಿರುತ್ತೇನೆ. ಆ ಮನೆ ಈಗಿಲ್ಲ. ಅಲ್ಲಿ ಅಪ್ಪ ಹೊಸ ಭತ್ತದ ಕದಿರೊಂದನ್ನು ಗದ್ದೆಯಂಚಿನ ಮತ್ತಿಮರದ ಬುಡದ ಚೌಡಮ್ಮನ ಕಲ್ಲಿಗೆ ಏರಿಸಿ, ಇನ್ನೊಂದನ್ನು ಬಾಗಿಲ ಮೇಲೆ ಕಟ್ಟುವ ತನಕ ಯಾರೂ ಹೊಸಕ್ಕಿ ಬಾಯಿಗೆ ಹಾಕುವಂತಿರಲಿಲ್ಲ. ಆ ಮರ ಬಂತೆಂದರೆ ಅಪ್ಪ ಚಪ್ಪಲಿ ಕೈಗೆತ್ತಿಕೊಂಡು, ತಲೆ ತಗ್ಗಿಸಿ ದಾಟುತ್ತಿದ್ದ. ಏನು ತಪ್ಪಾಯಿತೋ, ಯಾರಿಗೆ ಜ್ವರ ಬರುತ್ತದೋ ಎಂಬ ಹೆದರಿಕೆ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಅಂಥ ಅಪ್ಪ, ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಯೇಸುವಿನ ದಾರಿ ಹಿಡಿದ. ಕಾಡಿನ ಕೆಲಸದ ಗೆಳೆಯನೊಬ್ಬನ ಮನೆಯ ಪ್ರಾರ್ಥನೆಗೆ ವರ್ಷವಿಡೀ ಹೋಗಿಬಂದು, ಒಂದು ಭಾನುವಾರ ಹಳ್ಳದಲ್ಲಿ ದೀಕ್ಷಾಸ್ನಾನ ಪಡೆದ. ಅವನ ಹಿಂದೆ ಅವ್ವ, ನಾನು. ಒದ್ದೆ ಬಟ್ಟೆಯಲ್ಲಿ ಮನೆಗೆ ಬರುವಾಗ ಅಪ್ಪ ಆ ಮರದ ಕೆಳಗೆ ನಿಂತು ಮೇಲೆ ನೋಡಿದ. "ಎಷ್ಟು ಎತ್ತರ ಐತಲ್ಲ ಈ ಮರ!" ಎಂದ. ನಲವತ್ತು ವರ್ಷ ದಿನಾ ದಾಟಿದ ಮರದ ತುದಿಯನ್ನು ಅವನು ಅಂದೇ ಕಂಡದ್ದು. ನಾನು ಮರವನ್ನು ಬಿಟ್ಟು ಅಪ್ಪನನ್ನೇ ನೋಡುತ್ತ ನಿಂತುಬಿಟ್ಟೆ.

ಅಪ್ಪನ ತಾಯಿ, ನಮ್ಮ ಆಯಿ, ಮಾತ್ರ ಆ ದಾರಿಗೆ ಬರಲಿಲ್ಲ. ಕೊಯ್ಲು ಮುಗಿದಾಗ, ಇನ್ನು ಕಲ್ಲಿಗೆ ಕದಿರು ಏರಿಸುವುದಿಲ್ಲ ಎಂದು ಅಪ್ಪ ಮೆತ್ತಗೆ ಹೇಳಿದ. "ಆಕಿಗೆ ಕೊಡದ ಅಕ್ಕಿ ನನಗ ಬ್ಯಾಡ. ಹಳೇ ಅಕ್ಕಿ ಇರೂತನಕ ಇರ್ತೀನಿ. ಮುಗದ ದಿನ ಬನವಾಸಿಗೆ ಮಗಳ ಮನೀಗೆ ಹೋಗ್ತೀನಿ" ಎಂದಳು ಆಯಿ. ಅಂದಿನಿಂದ ಅವಳದು ಬೇರೆ ಒಲೆ. ಆಯಿಯ ಪಕ್ಕವಿಲ್ಲದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ದಿನಾ ಅವಳ ಹಳೇ ಅಕ್ಕಿಯ ಗಡಿಗೆಯಲ್ಲಿ ಇಣುಕುತ್ತಿದ್ದೆ, ತಳ ಕಾಣತೊಡಗಿತ್ತು. ಕಡೆಗೊಂದು ದಿನ ಯಾರೂ ಇಲ್ಲದಾಗ ಎರಡು ಬೊಗಸೆ ಹೊಸಕ್ಕಿ ತಂದು ಅದರಲ್ಲಿ ಬೆರೆಸಿಬಿಟ್ಟೆ. ಕಣ್ಣು ಮಂಜಾದ ಆಯಿಗೆ ಏನು ತಿಳಿದೀತು ಎಂಬ ನನ್ನ ಜಾಣತನ! ಅವಳ ಒಲೆಯ ಮೇಲೆ ಅನ್ನ ಕುದಿಯತೊಡಗಿದ್ದೇ ತಡ, ಹೊಸಕ್ಕಿಯ ಕಂಪು ಮನೆಯಿಡೀ ತುಂಬಿಕೊಂಡಿತು. ಆಯಿ ಸೌಟು ಕೆಳಗಿಟ್ಟು, "ನೀ ನನಗ ಮೋಸ ಮಾಡಿದ್ಯೇನೋ?" ಎಂದು ಅಪ್ಪನನ್ನು ಕೇಳಿದಳು. ನಾನು ಗೊಳೋ ಎಂದು ಅತ್ತು ಒಪ್ಪಿಕೊಂಡೆ.

ಆಗ ಅವ್ವ ಬಾಯಿಬಿಟ್ಟಳು. "ಅವರೂ ಹೊಸಕ್ಕಿ ಮುಟ್ಟಿಲ್ರಿ ಅತ್ತಿ. ಬರೇ ರೊಟ್ಟಿ ಮ್ಯಾಲ ಅದಾರ." ಅಪ್ಪನದು ಹೊಸ ಧರ್ಮದ ಯಾವುದೋ ವ್ರತವೆಂದು ನಾನು ತಿಳಿದಿದ್ದೆ.

"ಯಾಕ? ನಿನ್ನ ದೇವರು ಬ್ಯಾಡ ಅಂದಾನೇನು?"

"ಇಲ್ಲವ್ವಾ. ನೀ ಉಣ್ಣದ ನನ್ನ ಗಂಟಲದಾಗ ಇಳಿಯೂದಿಲ್ಲ" ಎಂದ ಅಪ್ಪ.

ಆಯಿ ಎದ್ದು ಎರಡು ಕದಿರು ಹಿಡಿದು ಒಬ್ಬಳೇ ಮರದತ್ತ ನಡೆದಳು. ಅಪ್ಪ ಅನ್ನ ಬಡಿಸಿಕೊಂಡು ಮುಟ್ಟದೆ ಕೂತ. ಅನ್ನ ಆರಿ ತಣ್ಣಗಾಯಿತು. ಆಯಿ ಬಂದು, ಉಳಿದ ಕದಿರನ್ನು ತಾನೇ ಬಾಗಿಲಿಗೆ ಕಟ್ಟಿ, ಅವನ ಪಕ್ಕದಲ್ಲಿ ಕೂತಳು. ಅಪ್ಪ ಕಣ್ಣು ಮುಚ್ಚಿ ಯೇಸುವಿಗೆ ವಂದನೆ ಹೇಳಿದ. ಆಯಿ ಕೈಮುಗಿದು, ಕಣ್ಣು ಬಿಟ್ಟುಕೊಂಡೇ, ಮಗನ ಮುಖ ನೋಡುತ್ತಿದ್ದಳು. ಆಮೆನ್ ಎಂದದ್ದೇ ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು. ಇಬ್ಬರೂ ತಮ್ಮ ತಮ್ಮ ದೇವರನ್ನು ಬಿಟ್ಟು ಕದಲಿರಲಿಲ್ಲ, ಆದರೂ ಒಟ್ಟಿಗೆ ಉಣ್ಣುತ್ತಿದ್ದರು. ನನ್ನ ಆ ಬೆರಗು ಇನ್ನೂ ಇಳಿದಿಲ್ಲ.

ಅಂದಿನಿಂದ ಆಯಿ ಇರುವ ತನಕ ಪ್ರತಿ ವರ್ಷವೂ ಹಾಗೆಯೇ ನಡೆಯಿತು. ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ಹೊಸಕ್ಕಿ ಉಣ್ಣುವ ದಿನ, ಆಮೆನ್ ಆದ ಮೇಲೂ ನನ್ನ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಅಮ್ಮನ ಪ್ರಾರ್ಥನೆ ಇನ್ನೂ ಮುಗಿದಿಲ್ಲವೆಂದು ನನ್ನ ಮಕ್ಕಳು ಸುಮ್ಮನಿರುತ್ತಾರೆ. ನಾನು ಆಯಿ ಮರದ ಹತ್ತಿರದಿಂದ ಬರಲೆಂದು ಕಾಯುತ್ತಿರುತ್ತೇನೆ.