ಓಪಲ್‌ಗಾಗಿ ಎರಡಿಂಚು

"ಅಮ್ಮಾ, ಮಿಸ್ಟರ್ ವರ್ಲನ್‌ಗೆ ತಲೆ ಇಲ್ವಾ?"

ನಾಲ್ಕು ವರ್ಷದ ಟೆಸ್ಸಿ ಕಿಟಕಿಗೆ ಮೂಗೊತ್ತಿ ಕೇಳಿದಾಗ ಲೋರ್ನಾ ಬಟ್ಟೆ ಮಡಿಸುವುದನ್ನು ಬಿಟ್ಟು ಇಣುಕಿದಳು. ಎದುರುಮನೆಯ ಅಂಗಳದಲ್ಲಿ ಹಸಿರು ಷೆವೆಲ್ ಕಾರಿನಡಿಯಿಂದ ಎರಡು ಬೂಟುಗಾಲು ಚಾಚಿಕೊಂಡಿದ್ದವು. ಮೂರು ದಿನದಿಂದ ಮಗು ಕಂಡದ್ದು ಅಷ್ಟೇ.

"ಇದೆ ಪುಟ್ಟಾ. ಕಾರಿನ ಕೆಳಗಿಟ್ಟಿದಾರೆ."

ವರ್ಲನ್ ಸ್ಟಕಿ ಮೂವತ್ತೆಂಟು ವರ್ಷ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಎಪ್ಪತ್ತನೇ ಇಸವಿಯ ಇಂಥ ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಗುರುಗುಟ್ಟಬೇಕು, ಎತ್ತರಿಸಿದರೆ ಅದಕ್ಕೆ ಅವಮಾನ ಅಂತ ಕೆಂಟಕಿಯ ಆ ಸಣ್ಣ ಊರಿಗೆಲ್ಲ ಉಪದೇಶ ಮಾಡಿದವನು. ಈಗ ಅವನೇ ಎರಡಿಂಚು ಎತ್ತುತ್ತಿದ್ದ. ಹೆಂಡತಿ ಓಪಲ್‌ಗೆ ಚಳಿಗಾಲದಲ್ಲಿ ಸೊಂಟದ ಕೀಲು ಬದಲಾಯಿಸಿದ್ದರು. ತಗ್ಗಿಗೆ ಕುಕ್ಕರಿಸಿ ಕೂರಲೇಬಾರದೆಂದು ಡಾಕ್ಟರ ಕಟ್ಟಪ್ಪಣೆ. ಸೀಟಿಗೆ ಎರಡು ದಿಂಬು ಹಾಕಿ ನೋಡಿದರೆ ಅವಳ ತಲೆ ಚಾವಣಿಗೆ ಬಡಿಯಿತು. ಬೇಸಿಗೆಯ ಮೊದಲ ಶನಿವಾರ ಕೋರ್ಟಿನ ಚೌಕದಲ್ಲಿ ಹಳೆ ಕಾರುಗಳು ಸೇರುವಾಗ ನಲವತ್ತು ವರ್ಷದಿಂದ ಅವಳಿಲ್ಲದೆ ಅವನು ಹೋದದ್ದೇ ಇಲ್ಲ. ಈ ಸಲ ನಾದಿನಿಯ ವ್ಯಾನಿನಲ್ಲಿ ಬರುತ್ತೇನೆ ಅಂದುಬಿಟ್ಟಿದ್ದಳು. ಆ ಮಾತು ಅವನಿಗೆ ನುಂಗಲೂ ಆಗದೆ ಉಗುಳಲೂ ಆಗದೆ ಕೂತಿತ್ತು.

ಗುರುವಾರ ಲೋರ್ನಾ ಬೀನ್ಸ್ ಪಾತ್ರೆ ಹಿಡಿದು, ಟೆಸ್ಸಿಯ ಕೈಹಿಡಿದು ರಸ್ತೆ ದಾಟುವ ಹೊತ್ತಿಗೆ ಹೊಸ ಸ್ಪ್ರಿಂಗ್ ಕೂತು ಜಾಕ್ ಇಳಿದಿತ್ತು. ಎರಡಿಂಚು ಏಳಬೇಕಾದ ಕಾರು ನಾಲ್ಕಿಂಚು ಎದ್ದು, ತುದಿಗಾಲ ಮೇಲೆ ನಿಂತ ಆಡಿನ ಹಾಗೆ ಕಾಣುತ್ತಿತ್ತು. ಓಪಲ್ ಒಂದು ಕಾಲೆತ್ತಿ ನೋಡಿದಳು. ಆಗಲಿಲ್ಲ.

"ವರ್ಲನ್, ಏಣಿ ಕೊಡ್ತೀಯೋ, ಇಲ್ಲಾ ಗೋಣಿಚೀಲದ ಹಾಗೆ ಎಸೀತೀಯೋ?" ನಗುತ್ತಲೇ ಕೋಲೂರಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ಮಾತ್ರ, "ವ್ಯಾನೇ ಸೈ ಬಿಡು," ಅಂದದ್ದು ಮೆಲ್ಲಗೆ.

ವರ್ಲನ್ ಬಕೆಟ್ ಮಗುಚಿ ಕೂತ. "ಗಾಲಿ ನೇತಾಡ್ತಿರೋವಾಗಲೇ ಬೋಲ್ಟೆಲ್ಲ ಬಿಗಿದುಬಿಟ್ಟೆ, ಲೋರ್ನಾ. ಒಳಗಿನ ರಬ್ಬರು ಹಾಗೇ ಸೆಟೆದುಕೊಂಡು ಕಾರನ್ನ ಕೆಳಗಿಳಿಯೋಕೆ ಬಿಡ್ತಿಲ್ಲ. ಜನ ಕೂತು ಭಾರ ಬಿದ್ದ ಮೇಲೆ ಬಿಗೀಬೇಕು ಅಂತ ಎಷ್ಟು ಹುಡುಗರಿಗೆ ಬೈದಿದೀನಿ ನಾನು!"

"ಅವರಿಗೆ ನಾನು ಹೇಳಲ್ಲ. ನೀವು ಸಡಿಲಿಸಿ ಮತ್ತೆ ಬಿಗೀರಿ, ಶನಿವಾರಕ್ಕೆ ಇನ್ನೂ ಹೊತ್ತಿದೆ."

ಅವನು ನಾಲ್ಕೂ ಗಾಲಿಯನ್ನು ದಪ್ಪ ದಿಮ್ಮಿಗಳ ಮೇಲೆ ನಿಲ್ಲಿಸಿ ಬೋಲ್ಟುಗಳನ್ನು ಸಡಿಲಿಸಿದ. ಗಾಲಿ ಉರುಳದಂತೆ ಹಿಂದೆಮುಂದೆ ಕೊಟ್ಟ ಮರದ ತುಂಡುಗಳನ್ನು ಲೋರ್ನಾ ಒದ್ದು ಒದ್ದು ನೋಡಿದಳು, ಕದಲಲಿಲ್ಲ. ಟ್ಯಾಂಕು ತುಂಬಿತ್ತು. ಡ್ರೈವರ್ ಸೀಟಿನಲ್ಲಿ ಅವನದೇ ತೂಕದಷ್ಟು ನಾಯಿ ತಿನಿಸಿನ ಚೀಲಗಳನ್ನು ಪೇರಿಸಿದ್ದಾಯಿತು. ಓಪಲ್ ಕೂರುವ ಪಕ್ಕದ ಸೀಟು ಮಾತ್ರ ಖಾಲಿ. ವರ್ಲನ್ ಲೋರ್ನಾಳನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಮುಖ ಕೆಂಪಾಗಿ, ಆಕಾಶ ನೋಡಿದ.

"ಒಂದು ಉಪಕಾರ ಆಗ್ಬೇಕಿತ್ತು. ಬೇಜಾರು ಮಾಡ್ಕೋಬೇಡ. ಇಷ್ಟೆತ್ತರ ಹತ್ತೋಕೆ ಓಪಲ್‌ಗೆ ಆಗಲ್ಲ. ಐವತ್ತು ವರ್ಷದಲ್ಲಿ ಅವಳು ತನ್ನ ತೂಕ ನನಗೆ ಹೇಳಿಲ್ಲ, ಕೇಳೋ ಧೈರ್ಯ ನನಗೂ ಇಲ್ಲ. ನನ್ನ ಕಣ್ಣಳತೇಲಿ, ನೀನು, ಜೊತೆಗೆ ತೊಡೆ ಮೇಲೆ ಟೆಸ್ಸಿ... ಸರಿಹೋಗುತ್ತೆ. ನಾನು ಬಿಗಿಯೋ ತನಕ ಇಬ್ಬರೂ ಅವಳ ಸೀಟಲ್ಲಿ ಕೂತಿರ್ತೀರಾ?"